ಸಾಹಿತಿಯ ಮನೆಯಲ್ಲಿ ಅವ್ವನ ಬೀಸುಕಲ್ಲು

ನನಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಹಾಲು ಕಾಯಲು ಇಟ್ಟರೆ ಅದರ ಮುಂದೆ ನಿಲ್ಲಲಾರದೆ ಹೊರಗೆ ಹೋಗಿ ಬಟ್ಟೆ ಒಣಹಾಕಿ ಬರುತ್ತೇನೆ, ಅಷ್ಟರಲ್ಲಿ ಹಾಲು ಉಕ್ಕಿ ಒಲೆ ತುಂಬಿರುತ್ತದೆ. ಅಂಥವಳನ್ನು ಚಿಕ್ಕೋಡಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕಾರಿನಲ್ಲಿ ಕೂರಿಸಿದರೆ ಏನಾಗಬೇಕು? ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು, ಮುಂದಿನದನ್ನು ದಾಟಿದರೆ ಮತ್ತೊಂದು. ನಾನು ಕಿಟಕಿ ಇಳಿಸುತ್ತಿದ್ದೆ, ಏರಿಸುತ್ತಿದ್ದೆ. ಕಾರು ಓಡಿಸುತ್ತಿದ್ದ ನನ್ನ ಮಗಳು ಕನ್ನಡಿಯಲ್ಲಿ ನೋಡಿ, "ಅವ್ವಾ, ಆ ಗ್ಲಾಸಿಗೆ ಸ್ವಲ್ಪ ಉಸಿರಾಡಾಕ ಬಿಡು" ಅಂದಳು.

ಅವಳ ಪಕ್ಕದಲ್ಲಿ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಕೂತಿದ್ದಳು. ಹಿಂದೆ ನನ್ನ ಪಕ್ಕದಲ್ಲಿ ನನ್ನ ಅವ್ವ. ಅವ್ವನ ತೊಡೆಯ ಮೇಲೆ ಒಂದು ಬಟ್ಟೆಯ ಚೀಲ, ಚೀಲದಲ್ಲಿ ಒರಳಿನಲ್ಲಿ ಕುಟ್ಟಿ ಹರಳು ಮಾಡಿದ ಅರಿಷಿಣ. ನಿಪ್ಪಾಣಿಯಿಂದ ಹೊರಟಾಗಿನಿಂದ ಅವ್ವ ಆ ಚೀಲದ ಬಾಯಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು, ಬಿಟ್ಟರೆ ಹಾರಿಹೋಗುತ್ತದೆ ಎನ್ನುವಂತೆ. ಕೃಷ್ಣೆಯ ಸೇತುವೆ ಬಂದಾಗ ಮಾತ್ರ ಒಂದು ಕೈ ಬಿಟ್ಟು ಎದೆಗೆ ಮುಟ್ಟಿಸಿಕೊಂಡಳು. ಅವಳು ಜುಗೂಳದವಳು, ಹೊಳೆಯ ದಂಡೆಯ ಮೇಲೆ ಬೆಳೆದವಳು, ಹೊಳೆ ಕಂಡರೆ ಹಾಗೆ ಮಾಡುತ್ತಾಳೆ.

ನಾವು ಹೊರಟಿದ್ದು ನನ್ನ ತವರುಮನೆಗೆ. ಆದರೆ ಅದು ಈಗ ತವರುಮನೆಯಲ್ಲ, ಮ್ಯೂಸಿಯಂ.

ಊರು ಅಥಣಿಗೂ ಕಾಗವಾಡಕ್ಕೂ ನಡುವೆ ಇದೆ. ಹೆಸರು ಹೇಳಿದರೆ ಸಾಹಿತಿಯ ಹೆಸರೂ ಹೇಳಿದಂತಾಗುತ್ತದೆ, ಹಾಗಾಗಿ ಬೇಡ. ದೊಡ್ಡ ಸಾಹಿತಿ, ನಾಡಿಗೆಲ್ಲ ಗೊತ್ತಿರುವವರು. ಅವರು ಹುಟ್ಟಿ ಸಣ್ಣ ಹುಡುಗನಾಗಿ ಓಡಾಡಿದ್ದು ಆ ಮನೆಯಲ್ಲಿ. ಆಮೇಲೆ ಅವರ ತಂದೆ ಮನೆಯನ್ನು ನನ್ನ ಅಜ್ಜನಿಗೆ ಮಾರಿ ಸಂಸಾರ ಕಟ್ಟಿಕೊಂಡು ಊರು ಬಿಟ್ಟರು. ಅವರು ಅಲ್ಲಿ ಇದ್ದದ್ದು ಹಲ್ಲು ಬಿದ್ದು ಹಲ್ಲು ಬರುವಷ್ಟು ಕಾಲ. ನಾವು ಇದ್ದದ್ದು ಮೂರು ತಲೆಮಾರು. ನನ್ನ ಅಪ್ಪ ಮದುವೆಯಾದದ್ದು, ನಾನೂ ನನ್ನ ಇಬ್ಬರು ತಮ್ಮಂದಿರೂ ಹುಟ್ಟಿದ್ದು, ಅಜ್ಜಿ ತೀರಿಹೋದದ್ದು ಎಲ್ಲ ಅಲ್ಲಿಯೇ. ಆದರೂ ಅದು ಯಾವತ್ತೂ ನಮ್ಮ ಮನೆ ಅನ್ನಿಸಿಕೊಳ್ಳಲೇ ಇಲ್ಲ. ಧಾರವಾಡದಿಂದ, ಎಲ್ಲೆಲ್ಲಿಂದಲೋ ಮಂದಿ ಬಂದು ಬಾಗಿಲ ಮುಂದೆ ಕೈಮುಗಿದು ನಿಲ್ಲುತ್ತಿದ್ದರು. ಅಂಗಳದಲ್ಲಿ ಕುಳ್ಳು ತಟ್ಟುತ್ತಿದ್ದ ಅವ್ವ ತನಗೇ ಕೈಮುಗಿದರೆಂದು ಸಗಣಿಯ ಕೈಯಲ್ಲೇ ತಿರುಗಿ ಮುಗಿಯುತ್ತಿದ್ದಳು. ಫೋಟೋ ತೆಗೆಯುವವರು, "ಸ್ವಲ್ಪ ಸರೀರಿ" ಅನ್ನುತ್ತಿದ್ದರು. ನಮ್ಮ ಬಾಗಿಲಿನಿಂದ ನಾವೇ ಸರಿಯಬೇಕು. ನನಗೆ ಆಗಿನಿಂದಲೂ ಅದು ಮೈ ಉರಿಸುವ ಸಂಗತಿ.

ಆ ಸಾಹಿತಿ ಒಮ್ಮೆ ತಾವೇ ಬಂದಿದ್ದರು. ಅಷ್ಟರಲ್ಲಿ ವಯಸ್ಸಾಗಿತ್ತು, ಇಬ್ಬರು ಹಿಡಿದುಕೊಂಡಿದ್ದರು. ನಾನು ಆಗ ಹೈಸ್ಕೂಲಿನಲ್ಲಿದ್ದೆ. ಅವ್ವ ಜೋಳದ ರೊಟ್ಟಿ, ಬದನೆಕಾಯಿ ಮಾಡಿ ಬಡಿಸಿದಳು. ಉಂಡು ಎದ್ದವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನ ಬೀಸುಕಲ್ಲು ನೋಡಿ, "ನಮ್ಮವ್ವನ ಕಲ್ಲು ಆ ಕಡೀ ಮೂಲ್ಯಾಗಿತ್ತು. ಊರು ಬಿಡೂ ಮುಂದ ಚಕ್ಕಡಿಯಾಗ ಹೇರಿಕೊಂಡು ಹ್ವಾದಳು, ಎಲ್ಲಾ ಬಿಟ್ಟಳು, ಅದನ್ನ ಬಿಡಲಿಲ್ಲ" ಅಂದರು. ಅವ್ವ, "ಬಿಡಬಾರದ್ರಿ, ಹೆಂಗ ಬಿಡಾಕ ಬರತೈತಿ" ಅಂದಳು. ಇದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಮುಂದೆ ಇದೇ ಮಾತು ನನ್ನನ್ನು ಕುದಿಸುವುದಿತ್ತು.

ಅವ್ವನ ಕಲ್ಲು ಜುಗೂಳದಿಂದ ಅವಳ ಜೊತೆಗೇ ಬಂದದ್ದು. ಮದುವೆಯಲ್ಲಿ ತವರಿನವರು ಕೊಟ್ಟ ಕಲ್ಲು, ಮೇಲಿನ ಹೋಳಿನ ಬಾಯಿಯ ಸುತ್ತ ಒಂದು ಹೂವಿನ ಬಳ್ಳಿ ಕೊರೆದಿತ್ತು. ನಮ್ಮ ಕಡೆ ಮದುವೆ ಶುರುವಾಗುವುದೇ ಬೀಸುಕಲ್ಲಿನಿಂದ. ಕಲ್ಲು ತೊಳೆದು, ಗೂಟಕ್ಕೆ ಅರಿಷಿಣ ಕೊಂಬು ಕಟ್ಟಿ, ಐದು ಮಂದಿ ಮುತ್ತೈದೆಯರು ಹಾಡು ಹೇಳುತ್ತ ಅರಿಷಿಣ ಬೀಸಬೇಕು. ಆ ಅರಿಷಿಣವೇ ಮದುಮಗಳ ಮೈಗೆ. ನನ್ನ ಮದುವೆಯ ಅರಿಷಿಣ ಆ ಕಲ್ಲಿನಲ್ಲೇ ಬೀಸಿದ್ದು, ಅವ್ವನೇ ಮುಂದೆ ಕೂತಿದ್ದಳು. ಓಣಿಯ ಎಷ್ಟೋ ಹುಡುಗಿಯರ ಅರಿಷಿಣವೂ ಅದರಲ್ಲೇ ಆದದ್ದು, ಅವ್ವನ ಕೈ ಒಳ್ಳೆಯದು ಎಂದು ಕರೆಯಲು ಬರುತ್ತಿದ್ದರು.

ತಮ್ಮಂದಿರು ಹೊಲದಲ್ಲಿ ಹೊಸ ಮನೆ ಕಟ್ಟಿಸಿ, ದ್ರಾಕ್ಷಿ ತೋಟದ ಪಕ್ಕಕ್ಕೆ ಹೋಗುವುದೆಂದು ನಿಶ್ಚಯಿಸಿ, ಹಳೆಯ ಮನೆಯನ್ನು ಸಾಹಿತಿಯ ಹೆಸರಿನ ಟ್ರಸ್ಟಿಗೆ ಕೊಟ್ಟರು. ಸಾಮಾನು ಸಾಗಿಸುವ ಟೆಂಪೋ ಬಂದದ್ದು ಶುಕ್ರವಾರ. ಎಲ್ಲ ಏರಿತು, ಕಡೆಗೆ ಆಳುಗಳು ಬೀಸುಕಲ್ಲಿಗೆ ಕೈ ಹಾಕಿದರು. ಅವ್ವ ಅಡ್ಡ ನಿಂತಳು. ಶುಕ್ರವಾರ ಬೀಸುಕಲ್ಲು ಹೊಸ್ತಿಲು ದಾಟಿದರೆ ಮನೆಯ ಲಕ್ಷ್ಮಿ ದಾಟಿದಂತೆ. "ಸೋಮಾರ ಒಯ್ಯೂಣು, ಎಲ್ಲಿ ಓಡಿ ಹೊಕ್ಕೈತಿ ಕಲ್ಲ" ಅಂದಳು. ಸೋಮವಾರ ಸಕ್ಕರೆ ಫ್ಯಾಕ್ಟರಿಯವರು ನಮ್ಮ ಕಬ್ಬು ಕಡಿಯಲು ಪಾಳಿ ಕೊಟ್ಟರು, ತಮ್ಮಂದಿರು ಹೊಲ ಬಿಟ್ಟು ಅಲ್ಲಾಡಲಿಲ್ಲ. ಮುಂದಿನ ವಾರ ಅಮಾವಾಸ್ಯೆ. ಅದರ ಮುಂದಿನ ವಾರ ಹೋದರೆ ಮನೆಗೆ ಟ್ರಸ್ಟಿನ ಬೀಗ. ಹಾಗೆ ನಮ್ಮ ಲಕ್ಷ್ಮಿ ಹೊಸ್ತಿಲ ಒಳಗೇ ಉಳಿದಳು, ನಾವು ಹೊರಗೆ ಉಳಿದೆವು.

ಇದಾದ ಮೇಲೆ ಅಪ್ಪ ತೀರಿಹೋದ. ಕಲ್ಲಿನ ಮಾತು ಯಾರೂ ಎತ್ತಲಿಲ್ಲ. ಎತ್ತಿದ್ದು ಅವ್ವನೇ, ಈ ವರ್ಷ, ನನ್ನ ಮಗಳ ಮದುವೆ ನಿಶ್ಚಯವಾದ ಮೇಲೆ.

ಮಗಳು ಚಿಕ್ಕೋಡಿಯಲ್ಲಿ ಔಷಧ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಗೆಳತಿಯರು 'ಹಳದಿ'ಗೆ ಎಲ್ಲರೂ ಹಳದಿ ಬಟ್ಟೆ ಹಾಕುವುದು, ಡಿಜೆ ಹಚ್ಚುವುದು, ಅರಿಷಿಣ ಪ್ಯಾಕೆಟ್ಟಿನದು ತರುವುದು ಎಂದು ಎಲ್ಲ ಗೊತ್ತುಮಾಡಿದ್ದರು. ಮದುವೆಯ ತಯಾರಿಗೆಂದು ನಿಪ್ಪಾಣಿಯ ನಮ್ಮ ಮನೆಗೆ ಬಂದಿದ್ದ ಅವ್ವ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತವಳು, "ಅರಿಷಿಣ ನನ್ನ ಕಲ್ಲಿನ್ಯಾಗ ಬೀಸಬೇಕು" ಅಂದಳು.

"ಅವ್ವಾ, ಮಿಕ್ಸರ್ ಐತಿ, ಗಿರಣಿ ಐತಿ, ಓಣ್ಯಾಗ ಬೇಕಾದಷ್ಟು ಬೀಸುಕಲ್ಲ ಅದಾವು," ಅಂದೆ.

ಅವ್ವ ತಲೆ ಎತ್ತಲಿಲ್ಲ. ಅಕ್ಕಿಯಲ್ಲಿ ಬೆರಳಾಡಿಸುತ್ತಲೇ ಹೇಳಿದಳು: "ನಿಮ್ಮಪ್ಪ ಹ್ವಾದ ಮ್ಯಾಲೆ ನಾ ಮದಿವಿ ಕಲ್ಲಿಗೆ ಕೈ ಹಚ್ಚಾಂಗಿಲ್ಲ. ಮೂಲ್ಯಾಗ ಕುಂಡ್ರಬೇಕು, ನೋಡಬೇಕು. ಕುಂಡರತೀನಿ, ನಾ ಏನ್ ಒಲ್ಲೆ ಅಂದಿಲ್ಲ. ಆದರ ನನ್ನ ಬದಲಿ ನನ್ನ ಕಲ್ಲರ ಆ ಹುಡಿಗಿ ಮದಿವಿಗೆ ತಿರಗಲಿ. ಅದರ ಗಂಡೇನ್ ಸತ್ತಿಲ್ಲಲ."

ನನಗೆ ಮೊದಲು ನಗು ಬಂತು, ಹಿಂದೆಯೇ ಅಳು ಬಂತು. ಎರಡನ್ನೂ ಅವಳ ಮುಂದೆ ಮಾಡುವುದು ಬೇಡವೆಂದು ಎದ್ದು ಫೋನು ಹಿಡಿದೆ. ತಮ್ಮನಿಂದ ಟ್ರಸ್ಟಿನ ಕಾರ್ಯದರ್ಶಿಯ ನಂಬರು ಇಸಕೊಂಡೆ. ಆತ ನಿವೃತ್ತ ಪ್ರಾಧ್ಯಾಪಕ, ನೆಟ್ಟಗೆ ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಾನೆ. "ಸಂಗ್ರಹಾಲಯದ ವಸ್ತುಗಳನ್ನು ಹೊರಗೆ ಕೊಡಲು ಅವಕಾಶವಿಲ್ಲ ತಾಯಿ" ಅಂದ. ಅದು ನಮ್ಮ ವಸ್ತು ಅಂದೆ. ಅದಕ್ಕೆ ಆಧಾರವೇನು ಎಂದು ಕೇಳಿದ. ಬೀಸುಕಲ್ಲಿಗೆ ಯಾರಾದರೂ ರಸೀದಿ ಇಟ್ಟುಕೊಳ್ಳುತ್ತಾರಾ? ನನ್ನ ದನಿ ಏರಿತು, ಆತನ ದನಿ ಏರಲಿಲ್ಲ, ಅದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು. ಕಡೆಗೆ ಆತನೇ, "ಸೋಮವಾರ ರಜೆ ಇರುತ್ತದೆ. ಬಂದು ಅಲ್ಲಿಯೇ ನಿಮ್ಮ ಶಾಸ್ತ್ರ ಮಾಡಿಕೊಳ್ಳಿ, ಮನೆ ನೋಡಿಕೊಳ್ಳುವವನಿಗೆ ಹೇಳಿರುತ್ತೇನೆ" ಅಂದ. ಅವ್ವನಿಗೆ ಹೇಳಿದಾಗ ಅವಳು, "ಸೋಮಾರ? ಛಲೋ ಆತು. ಸೋಮಾರಂತನ ಹೇಳಿದ್ದೆ" ಅಂದಳು, ಟೆಂಪೋ ಬಂದದ್ದು ಮೊನ್ನೆ ಶುಕ್ರವಾರವೇ ಎನ್ನುವಂತೆ.

ಹಾಗಾಗಿ ಈ ಸೋಮವಾರ ನಾವು ನಾಲ್ವರು ಕಾರಿನಲ್ಲಿ. ನಾನು, ನೆಗೆಣ್ಣಿ ಇಬ್ಬರು ಮುತ್ತೈದೆಯರಾದೆವು. ಉಳಿದ ಮೂವರನ್ನು ನಮ್ಮ ಹಳೆಯ ಓಣಿಯಿಂದ ಕರೆಸಿಕೊಳ್ಳುವುದೆಂದು ಪಕ್ಕದ ಮನೆಯ ಸೊಸೆಗೆ ಫೋನು ಮಾಡಿದ್ದೆ. ನೆಗೆಣ್ಣಿಗೆ ಈ ಪ್ರಯಾಣ ಮನಸ್ಸಿರಲಿಲ್ಲ. ಅವಳು ಪದ್ಧತಿ ಬಿಟ್ಟು ಒಂದು ಹೆಜ್ಜೆ ಇಡುವವಳಲ್ಲ, ನಮ್ಮ ಮನೆಯ ಎಲ್ಲ ಶಾಸ್ತ್ರಕ್ಕೂ ಅವಳೇ ಮುಂದೆ. "ಕಲ್ಲು ಎಲ್ಲೈತೋ ಅಲ್ಲಿಗೆ ಮದಿವಿ ಮನಿ ಹೋಗೂದು ನಾ ಎಲ್ಲೂ ನೋಡಿಲ್ಲ ಯವ್ವಾ," ಎಂದು ಅಂಕಲಿ ಬರುವವರೆಗೆ ಅಂದಳು, ಆಮೇಲೆ ನಿದ್ದೆ ಹೋದಳು.

ಊರು ಬಂತು. ಓಣಿಯ ಬಾಯಲ್ಲಿ ಒಂದು ಕಮಾನು, ಅದರ ಮೇಲೆ ಸಾಹಿತಿಯ ಮುಖ. ಮನೆಗೆ ಕೆನೆಬಣ್ಣ ಹಚ್ಚಿದ್ದರು, ಬಾಗಿಲಿಗೆ ಕಂದು ಬಣ್ಣ. ಅಂಗಳದಲ್ಲಿ ಸಗಣಿ ಇಲ್ಲ, ಕುಳ್ಳು ಇಲ್ಲ, ಚೌಕ ಚೌಕ ಸಿಮೆಂಟಿನ ಇಟ್ಟಿಗೆ. ನೋಡಿಕೊಳ್ಳುವವನು ನಲವತ್ತರ ಆಸುಪಾಸಿನವನು, ನಗುಮುಖದವನು, ಬೀಗ ತೆಗೆದು, "ಬರ್ರಿ ಅಕ್ಕಾರ, ಚಪ್ಪಲ ಇಲ್ಲೇ ಬಿಡ್ರಿ" ಅಂದ. ಅವ್ವ ಅಷ್ಟರಲ್ಲಿ ತನ್ನ ಚಪ್ಪಲಿಯನ್ನು ಬಾಗಿಲ ಎಡಗಡೆಯ ಮೂಲೆಯಲ್ಲಿ, ಯಾವಾಗಲೂ ಬಿಡುತ್ತಿದ್ದಲ್ಲಿ, ಬಿಟ್ಟಾಗಿತ್ತು.

ಪಡಸಾಲೆಗೆ ಕಾಲಿಟ್ಟ ಕೂಡಲೇ ನನಗೆ ಹೊರಗೆ ಹೋಗಬೇಕು ಅನ್ನಿಸಿತು. ಏನೋ ಸರಿ ಇಲ್ಲ, ಏನೆಂದು ಹೇಳಲೂ ಬರುವುದಿಲ್ಲ. ಮನೆಯ ವಾಸನೆ ಹೋಗಿತ್ತು. ಎಲ್ಲದಕ್ಕೂ ಒಂದೊಂದು ಫಲಕ. ಅಪ್ಪ ರುಮಾಲು ತೂಗುಹಾಕುತ್ತಿದ್ದ ಗೂಟದ ಕೆಳಗೆ 'ಸಾಹಿತಿಗಳ ತಂದೆಯವರು ಬಳಸಿದ ಗೂಟ'. ಒಂದು ಕಿಟಕಿಯ ಕೆಳಗೆ 'ಸಾಹಿತಿಗಳು ಬಾಲ್ಯದಲ್ಲಿ ಓದುತ್ತ ಕೂರುತ್ತಿದ್ದ ಕಿಟಕಿ'. ಆ ಕಿಟಕಿಯನ್ನು ನನ್ನ ಅಪ್ಪ ಗೋಡೆ ಒಡೆಸಿ ಇಡಿಸಿದ್ದು, ಹೊಗೆಯಿಂದ ನನಗೆ ಕೆಮ್ಮು ಬರುತ್ತದೆಂದು. ಅಲ್ಲಿ ಸಾಹಿತಿ ಕೂರಬೇಕಾದರೆ ಗೋಡೆಯೊಳಗೇ ಕೂರಬೇಕಿತ್ತು. ನಾನು ಇದನ್ನು ಜೋರಾಗಿಯೇ ಹೇಳಿದೆ. ನೋಡಿಕೊಳ್ಳುವವನು, "ಹೌದೇನ್ರಿ" ಎಂದು ನಕ್ಕ. ಸಿಟ್ಟು ಮಾಡುವವರ ಮುಂದೆ ನಗುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಅವ್ವ ಯಾವ ಫಲಕವನ್ನೂ ನೋಡಲಿಲ್ಲ. ಅವಳಿಗೆ ಓದಲು ಬರುವುದೂ ಇಲ್ಲ. ನೆಟ್ಟಗೆ ಅಡುಗೆಮನೆಗೆ ಹೋದಳು, ಹಿಂದೆ ನಾವು.

ಕಲ್ಲು ತನ್ನ ಜಾಗದಲ್ಲೇ ಇತ್ತು. ಸುತ್ತ ನಾಲ್ಕು ಸಣ್ಣ ಕಂಬ, ಕಂಬಕ್ಕೆ ಕೆಂಪು ಹಗ್ಗ. ಕಲ್ಲಿಗೆ ಮಿರಿಮಿರಿ ಕರಿಬಣ್ಣ ಬಳಿದಿದ್ದರು, ಹೂವಿನ ಬಳ್ಳಿಯ ಗೆರೆಗಳಿಗೆ ಬೇರೆ ಬಂಗಾರದ ಬಣ್ಣ. ಹೊಸ ಗೂಟ, ಪಾಲಿಶ್ ಮಾಡಿದ್ದು. ಅವ್ವ ಹಗ್ಗದ ಈಚೆ ನಿಂತು ನೋಡಿದಳು. "ಏನಂತ ಬರದಾರ ಬೇ?" ಎಂದು ಕೇಳಿದಳು.

ನಾನು ಹಲ್ಲು ಕಚ್ಚಿಕೊಂಡು ಓದಿದೆ. ಸಾಹಿತಿಗಳ ತಾಯಿಯವರು ಬಳಸುತ್ತಿದ್ದ ಬೀಸುಕಲ್ಲು, ಇದರ ಹಾಡು ಕೇಳುತ್ತಲೇ ಅವರು ಕಥೆ ಹೇಳುವುದನ್ನು ಕಲಿತರು, ದಯವಿಟ್ಟು ಮುಟ್ಟಬೇಡಿ.

"ಬರೀಲಿ ಬಿಡು," ಅಂದಳು ಅವ್ವ. "ಆಕೀನೂ ಎಲ್ಲ್ಯರ ಬೀಸಿರಬೇಕಲ."

"ಆಕಿ ತನ್ನ ಕಲ್ಲ ಹೇರಕೊಂಡು ಹ್ವಾದ್ಲವ್ವಾ. ಬಿಟ್ಟಾಕಿ ನೀ."

ಅವ್ವ ನನ್ನ ಕಡೆ ಒಮ್ಮೆ ನೋಡಿದಳು. ಚೀಲವನ್ನು ಮೊಮ್ಮಗಳ ಕೈಗೆ ಕೊಟ್ಟು ಹಿಂದೆ ಸರಿದಳು. ಹೋಗಿ ದೂರದ ಮೂಲೆಯ ಮನೆಗಂಬದ ಬುಡದಲ್ಲಿ, ಗೋಡೆಗೆ ಬೆನ್ನು ಹಚ್ಚಿ ಕೂತಳು. ಅದು ಅವಳಿಗೆ ಗೊತ್ತುಮಾಡಿದ ಜಾಗ, ಯಾರೂ ಹೇಳಬೇಕಾಗಿರಲಿಲ್ಲ.

ಓಣಿಯ ಮೂವರು ಹೆಂಗಸರು ಬಂದರು. ಮಾತು, ನಗು, 'ಎಷ್ಟ ಸೊರಗೀದಿ', 'ಎಷ್ಟ ದಪ್ಪಾಗೀದಿ' ಎಲ್ಲ ಆಯಿತು. ಹಗ್ಗ ಬಿಚ್ಚಿದೆವು. ಕಲ್ಲಿನ ಬಾಯಿಯೊಳಗೆ ಚಾಕೊಲೇಟಿನ ಕಾಗದ ತುರುಕಿದ್ದರು, ತೆಗೆದೆವು. ನೆಗೆಣ್ಣಿ ನೀರು ಚಿಮುಕಿಸಿ ಒರೆಸಿದಳು, ಕುಂಕುಮ ಹಚ್ಚಿದಳು, ಗೂಟಕ್ಕೆ ಮಾವಿನ ಎಲೆ, ವೀಳ್ಯದೆಲೆ, ಅರಿಷಿಣ ಕೊಂಬು ಸೇರಿಸಿ ಹಸಿರು ಕುಬಸದ ಖಣ ಕಟ್ಟಿದಳು. ಇಷ್ಟು ಹೊತ್ತು ಗೊಣಗಿದವಳು ಶಾಸ್ತ್ರ ಶುರುವಾದ ಮೇಲೆ ಬೇರೆಯವಳೇ ಆಗಿದ್ದಳು. ಅವ್ವ ಕೂತಲ್ಲಿಂದಲೇ ಕತ್ತು ಉದ್ದ ಮಾಡಿ, "ಗೂಟ ಬಿಗಿ ಐತೇನ ನೋಡ್ರಿ. ಮೊದಲ ಸ್ವಲ್ಪ ಹಾಕ್ರಿ, ಬಾಯಿ ಕಟ್ಟತೈತಿ. ಬಲಕ್ಕ ತಿರಗಸ್ರಿ" ಅನ್ನುತ್ತಿದ್ದಳು. ಮುಖ ಹಿಗ್ಗಿತ್ತು. ಅವಳನ್ನು ಹಾಗೆ ನೋಡಿ ಎಷ್ಟೋ ವರ್ಷವಾಗಿತ್ತು. ನನ್ನ ಎದೆಯೊಳಗಿನ ಚಡಪಡಿಕೆ ಆಗ ಒಂದು ಗಳಿಗೆ ನಿಂತಿತು, ಸುಳ್ಳು ಹೇಳುವುದಿಲ್ಲ.

ಎದುರುಬದುರು ನಾನೂ ನೆಗೆಣ್ಣಿಯೂ ಕೂತೆವು, ಉಳಿದವರು ಕೈ ಸೇರಿಸಿದರು. ಮಗಳು ಒಂದು ಹಿಡಿ ಅರಿಷಿಣ ಕಲ್ಲಿನ ಬಾಯಿಗೆ ಹಾಕಿದಳು. ಪಕ್ಕದ ಮನೆಯ ಸೊಸೆ ಹಾಡು ಎತ್ತಿದಳು. ತಿರುಗಿಸಿದೆವು.

ಕಲ್ಲು ಅಲ್ಲಾಡಲಿಲ್ಲ.

"ಮದಿವಿ ಮನಿಯಾರು ಉಂಡ ಬಂದಿಲ್ಲೇನ್ರೆ," ಎಂದು ಒಬ್ಬಳು ತಮಾಷೆ ಮಾಡಿದಳು. ಎಲ್ಲರೂ ನಕ್ಕು ಮತ್ತೆ ಜಗ್ಗಿದೆವು. ಬಹಳ ದಿನ ಸುಮ್ಮನಿದ್ದ ಕಲ್ಲು ಹಿಡಿದುಕೊಂಡಿರಬೇಕೆಂದು ನಾನು ಮೊಣಕಾಲೂರಿ, ಎರಡೂ ಕೈಯಿಂದ, ಮೈಯ ಬಲವೆಲ್ಲ ಹಾಕಿ ತಳ್ಳಿದೆ. ಗೂಟ ಕಿತ್ತು ನನ್ನ ಕೈಗೆ ಬಂತು, ಖಣ, ಮಾವಿನ ಎಲೆ ಸಮೇತ. ಹಾಡು ನಿಂತುಹೋಯಿತು.

ಬಾಗಿಲಲ್ಲಿ ಮೊಬೈಲು ಹಿಡಿದು ನಿಂತಿದ್ದ ನೋಡಿಕೊಳ್ಳುವವನು, "ಅಕ್ಕಾರ, ಅದು ತಿರಗೂದಿಲ್ರಿ" ಅಂದ.

"ಯಾಕ ತಿರಗೂದಿಲ್ಲ?"

"ಎರಡೂ ಕಲ್ಲ ಸಿಮೆಂಟ್ ಹಾಕಿ ಕೂಡಿಸ್ಯಾರ್ರಿ. ಸಾಲಿ ಹುಡುಗೂರ ಬಂದು ತಿರಗಸ್ತಿದ್ದುವು, ಯಾರ್ದರ ಕಾಲಮ್ಯಾಲ ಬಿದ್ದೀತಂತ. ಒಳಗ ಕಬ್ಬಿಣ ಸಳಿನೂ ಹೊಡದಾರ."

"ಮದ್ಲ ಹೇಳಬೇಕಿತ್ತಿಲ್ಲೊ? ಬೀಸಾಕ ಬರತೀವಿ ಅಂತ ಹೇಳಿರಲಿಲ್ಲೇನು?"

ಅವನ ನಗು ಈಗ ಹೋಗಿತ್ತು. "ನೀವು ಪೂಜಿ ಮಾಡಿ, ಬೀಸಿದಂಗ ಮಾಡಿ ಫೋಟೋ ತಗೋತೀರಿ ಅಂತ ತಿಳಕೊಂಡಿದ್ನಿರಿ ಅಕ್ಕಾರ. ಈಗ ಮದಿವಿ ಮುಂದ ಎಲ್ಲಾರೂ ಬಂದು ಹಂಗ ಮಾಡತಾರ. ಕಾಗವಾಡದಿಂದ ಬರತಾರ, ಮಿರಜದಿಂದ ಬರತಾರ. ಯಾರೂ ಖರೇನ ಬೀಸಾಂಗಿಲ್ಲರಿ."

ನನ್ನ ತಲೆಗೆ ಬೆಂಕಿ ಹೊತ್ತಿದಂತಾಯಿತು. ಕೈಯಲ್ಲಿ ಗೂಟ ಹಿಡಿದೇ ಎದ್ದೆ. ಕಾರ್ಯದರ್ಶಿಯನ್ನು ಬೈದೆ, ಟ್ರಸ್ಟನ್ನು ಬೈದೆ, ಮನೆ ಬರೆದುಕೊಟ್ಟ ನನ್ನ ತಮ್ಮಂದಿರನ್ನು ಬೈದೆ, ಸತ್ತ ಸಾಹಿತಿಯನ್ನೂ ಬಿಡಲಿಲ್ಲ. ಪಡಸಾಲೆಗೂ ಅಡುಗೆಮನೆಗೂ ತಿರುಗಾಡುತ್ತ, "ಕಬ್ಬಿಣದ ಹಾರಿ ತರಸ್ರಿ. ಇವತ್ತ ಒಡದ ಬಿಡತೀನಿ, ಯಾರ್ ಬರತಾರ ಬರಲಿ" ಅಂದೆ. ಮಗಳು ನನ್ನ ಕೈ ಹಿಡಿದಳು, ಕೊಡವಿಕೊಂಡೆ.

ಆಗ ಅವ್ವ ಕಂಬ ಹಿಡಿದುಕೊಂಡು ಎದ್ದಳು. ನಿಧಾನ ಬಂದು ಕಲ್ಲಿನ ಮುಂದೆ ಕೂತಳು. ಬಾರಬಾರದ ಜಾಗಕ್ಕೆ ಬಂದಳೆಂದು ನೆಗೆಣ್ಣಿ ಬಾಯಿ ತೆಗೆದವಳು ಸುಮ್ಮನಾದಳು. ಅವ್ವ ಮೇಲಿನ ಕಲ್ಲಿನ ಅಂಚಿನ ಕೆಳಗೆ, ಎರಡು ಕಲ್ಲು ಕೂಡುವಲ್ಲಿ, ಹೆಬ್ಬೆರಳಿನ ಉಗುರು ಆಡಿಸಿದಳು. ಮೊದಲು ಅಲ್ಲಿ ಅವಳ ಉಗುರು ಹೋಗುವಷ್ಟು ಸಂದು ಇತ್ತು, ಬೀಸಿದ ಹಿಟ್ಟು ಆ ಸಂದಿನಿಂದಲೇ ಸುರಿಯುತ್ತಿತ್ತು. ಈಗ ಉಗುರು ಎಲ್ಲಿಯೂ ಇಳಿಯಲಿಲ್ಲ. ಸುತ್ತ ಆಡಿಸಿ ಮುಗಿಸಿ ಕೈ ತೆಗೆದಳು.

"ಹಾರಿ ಬ್ಯಾಡ," ಅಂದಳು. "ಸಿಮೆಂಟ್ ಒಡ್ಯಾಕ ಹ್ವಾದ್ರ ಕಲ್ಲೂ ಒಡೀತೈತಿ. ಇದು ಇನ್ನ ನಂದಲ್ಲ. ನನ್ನ ಕಲ್ಲು ತಿರಗತಿತ್ತು."

ಅಷ್ಟು ಹೇಳಿ ಕಲ್ಲಿನ ಬಾಯಿಗೆ ಬೆರಳು ಹಾಕಿ, ಹಾಕಿದ ಅರಿಷಿಣದ ಹರಳುಗಳನ್ನು ಒಂದೊಂದಾಗಿ ತೆಗೆದು ಚೀಲಕ್ಕೆ ವಾಪಸ್ಸು ಹಾಕತೊಡಗಿದಳು. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಳಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಹೋಗಿ ಅಂಗಳದಲ್ಲಿ ನಿಂತೆ, ಅಲ್ಲಿಯೂ ಆಗದೆ ಒಳಗೆ ಬಂದೆ.

ಪಕ್ಕದ ಮನೆಯ ಸೊಸೆಯೇ ದಾರಿ ಹುಡುಕಿದಳು. "ನಮ್ಮ ಹಿತ್ತಲದಾಗ ನಮ್ಮತ್ತೀದು ಒಂದು ಬೀಸುಕಲ್ಲ ಐತ್ರಿ. ಮ್ಯಾಲಿನ ಕಲ್ಲ ನೀರಿನ ಟಾಕಿ ಮುಚ್ಚಳದ ಮ್ಯಾಲ ಹೇರಿಟ್ಟೇವಿ, ಗಾಳಿಗೆ ಹಾರಬಾರದಂತ. ಬರ್ರಲ, ಅರಿಷಿಣ ಬೀಸದ ಹಂಗ ಹೋಗಬ್ಯಾಡ್ರಿ."

ಅವ್ವ ಆಗಲಿ ಎಂದು ತಲೆಯಾಡಿಸಿದಳು. "ಯಾವ ಕಲ್ಲಾದರೇನು ಇನ್ನ," ಅಂದಳು. ಆ ಮಾತಿನಲ್ಲಿ ಜೀವವೇ ಇರಲಿಲ್ಲ.

ಹಿತ್ತಲಲ್ಲಿ ಟಾಕಿಯ ಮೇಲಿನ ಕಲ್ಲನ್ನು ಇಳಿಸಿ, ಬಟ್ಟೆ ಒಗೆಯುವ ಬಂಡೆಯ ಹತ್ತಿರ ಪಾಚಿ ಹಿಡಿದು ಬಿದ್ದಿದ್ದ ಕೆಳಗಿನ ಕಲ್ಲನ್ನು ಉಜ್ಜಿ ತೊಳೆದೆವು. ಗೂಟಕ್ಕೆ ಒಂದು ಮುರಿದ ಸಲಿಕೆಯ ಹಿಡಿ ಸಿಕ್ಕಿತು. ಬಿಚ್ಚಿದ ಖಣವನ್ನೇ ಮತ್ತೆ ಕಟ್ಟಿದೆವು. ಐದು ಮಂದಿ ಕೂತು ಬೀಸಿದೆವು. ಕಲ್ಲು ಒರಟಾಗಿ ಗರಗರ ಎಂದು ತಿರುಗಿತು, ಅರಿಷಿಣ ರವೆಯಂತೆ ದಪ್ಪಗೆ ಬಿತ್ತು. ಅವ್ವ ದೂರದಲ್ಲಿ ಟಾಕಿಯ ನೆರಳಿಗೆ ಕೂತಿದ್ದಳು. ಈಗ ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ ಎಂದು ಒಂದು ಮಾತೂ ಹೇಳಲಿಲ್ಲ. ಕಲ್ಲಿನ ಕಡೆ ನೋಡುತ್ತಲೂ ಇರಲಿಲ್ಲ, ನಮ್ಮ ಹಳೆಯ ಮನೆಯ ಹಿಂಗೋಡೆ ನೋಡುತ್ತಿದ್ದಳು.

ಮಗಳು ಅವಳನ್ನೇ ನೋಡುತ್ತಿದ್ದವಳು ಎದ್ದು ಹೋಗಿ ಅವಳ ಮುಂದೆ ನಿಂತಳು. "ಆಯಿ, ಬಾ."

"ಎಲ್ಲಿಗೆ?"

"ಕಲ್ಲಿಗೆ."

ಅವ್ವ ಕೈ ಹಿಂದಕ್ಕೆಳೆದುಕೊಂಡಳು. "ಹುಚ್ಚೀ, ನಾ ಹಚ್ಚಾಂಗಿಲ್ಲ."

ನೆಗೆಣ್ಣಿ ಬೀಸುವುದನ್ನು ನಿಲ್ಲಿಸಿದಳು. "ಬ್ಯಾಡ ಬಾಳಾ," ಅಂದಳು ಮಗಳಿಗೆ. "ಮದಿವಿ ಕೆಲಸ ಐತಿ. ಪದ್ಧತಿ ಅಲ್ಲ."

"ದೊಡ್ಡವ್ವಾ," ಅಂದಳು ಮಗಳು, ದನಿ ಏರಿಸದೆ, "ಆಯಿ ತನ್ನ ಬದಲಿ ಕಲ್ಲ ಬರತೈತಿ ಅಂದಿದ್ಲು. ಕಲ್ಲ ಬರಲಿಲ್ಲ. ಈಗ ಆಕೀನ ಬರಬೇಕು."

ಎಲ್ಲರೂ ನನ್ನ ಕಡೆ ನೋಡಿದರು. ಮದುಮಗಳ ತಾಯಿ ನಾನು, ಹೂಂ ಅನ್ನುವುದೂ ಉಹೂಂ ಅನ್ನುವುದೂ ನನ್ನದೇ. ಏನಾದರೂ ಕೆಟ್ಟದ್ದಾದರೆ? ನನಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಒಬ್ಬಳೇ ಮಗಳು. ನಾನು ಆ ಹೆದರಿಕೆಯನ್ನು ಇಟ್ಟುಕೊಂಡೇ ಎದ್ದು ನಿಂತು, ನನ್ನ ಜಾಗ ಬಿಟ್ಟೆ.

ಅವ್ವ ಮೊಮ್ಮಗಳ ಕೈಯಲ್ಲಿ ಕೈ ಇಟ್ಟುಕೊಂಡು ಬಂದಳು, ಆದರೆ ಕೂರಲಿಲ್ಲ. "ನಾಳೆ ಹೆಚ್ಚುಕಮ್ಮಿ ಏನರ ಆದ್ರ ನನ್ನ ತಲಿಮ್ಯಾಲ ಬರತೈತಿ," ಅಂದಳು.

"ಬರಲಿ. ನನ್ನ ಮದಿವಿ, ನಾ ನೋಡಕೊತೀನಿ."

ಆಮೇಲೆ ನೆಗೆಣ್ಣಿ ಚೀಲದಿಂದ ಒಂದು ಹಿಡಿ ಅರಿಷಿಣ ತೆಗೆದು ಕಲ್ಲಿನ ಬಾಯಿಯ ಮೇಲೆ ಹಿಡಿದಳು. ಅವ್ವನ ಮುಖ ನೋಡಲಿಲ್ಲ, ಕಲ್ಲನ್ನೇ ನೋಡುತ್ತ, "ಕುಂಡರ್ರಿ ಅತ್ತಿ. ನಾ ಹಾಕತೀನಿ, ನೀವು ತಿರಗಸ್ರಿ" ಅಂದಳು.

ಅವ್ವ ಕೂತಳು. ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯಾವಾಗಲೂ ಕೂರುತ್ತಿದ್ದ ಹಾಗೆಯೇ. ಗೂಟದ ಮೇಲೆ ಕೈ ಇಟ್ಟಳು. ಮೊದಲ ಸುತ್ತು ತಡವರಿಸಿತು. ಎರಡನೆಯದಕ್ಕೆ ಕಲ್ಲಿನ ದನಿ ಬದಲಾಯಿತು, ಗರಗರ ಹೋಗಿ ಒಂದೇ ಸಮನೆ ಗುಂಯ್ ಎನ್ನತೊಡಗಿತು. ಐದು ಮಂದಿಯಿಂದ ಆಗದ ನುಣುಪು ಒಂದು ಕೈಯಿಂದ ಬಂತು. ಅವಳು ಹಾಡನ್ನೂ ಎತ್ತಿದಳು. ನಮ್ಮ ಬೀಸುವ ಹಾಡುಗಳಲ್ಲಿ ಮನೆಯವರ ಹೆಸರು ಸೇರಿಸುವುದುಂಟು, ಜುಗೂಳದ ಹೆಸರು ಬಂತು, ಹೊಳೆಯ ಹೆಸರು ಬಂತು, ಗಂಡನ ಹೆಸರು ಬರುವ ಜಾಗ ಬಂತು. ಅಲ್ಲಿ ನಿಲ್ಲಿಸುತ್ತಾಳೆ ಅಂದುಕೊಂಡೆ. ನಿಲ್ಲಿಸಲಿಲ್ಲ, ಅಪ್ಪನ ಹೆಸರನ್ನು ಇಡಿಯಾಗಿ ಹೇಳಿದಳು. ಅವನು ತೀರಿದ ಮೇಲೆ ಅವಳ ಬಾಯಿಂದ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಗೋಡೆಯ ಆಚೆ ನೋಡಿಕೊಳ್ಳುವವನ ತಲೆ ಕಾಣುತ್ತಿತ್ತು. ಕೈಯಲ್ಲಿ ಮೊಬೈಲು ಇತ್ತು, ಆದರೆ ಫೋಟೋ ತೆಗೆಯಲಿಲ್ಲ.

ಹಿಂದಿರುಗುವಾಗ ಮತ್ತೆ ಅದೇ ಟ್ರ್ಯಾಕ್ಟರುಗಳು, ಖಾಲಿಯಾಗಿ ವಾಪಸ್ಸು ಹೊರಟಿದ್ದವು. ಅರಿಷಿಣದ ಚೀಲ ಈಗ ನೆಗೆಣ್ಣಿಯ ತೊಡೆಯ ಮೇಲಿತ್ತು. ಅವ್ವನ ಕೈ ಎರಡೂ ಖಾಲಿ, ಬೆರಳ ಸಂದಿನವರೆಗೆ ಹಳದಿ. ತನ್ನ ತಿಳಿಬಣ್ಣದ ಸೀರೆಯ ಮೇಲೆ ಅಂಗೈ ಮೇಲೆ ಮಾಡಿ ಇಟ್ಟುಕೊಂಡಿದ್ದಳು. ಅಪ್ಪ ಹೋದ ಮೇಲೆ ಅವಳು ಉಡುವುದು ಅಂಥ ಸೀರೆಗಳನ್ನೇ. ನಿಪ್ಪಾಣಿಯಲ್ಲಿ ಮನೆ ತುಂಬ ಬೀಗರು ಇರುತ್ತಾರೆ, ಯಾರು ಏನು ಅನ್ನುತ್ತಾರೋ ಎಂದು ನನಗೆ ಮತ್ತೆ ಚಡಪಡಿಕೆ ಶುರು. ಕೃಷ್ಣೆಯ ಸೇತುವೆ ಬಂದಾಗ ಅವಳು ಒಂದು ಕೈ ಎತ್ತಿ ಎದೆಗೆ ಮುಟ್ಟಿಸಿಕೊಂಡಳು. ಸೆರಗಿನ ಮೇಲೆ ಐದು ಬೆರಳು ಮೂಡಿದವು.

ನಾನು ನೀರಿನ ಬಾಟಲಿಯ ಮುಚ್ಚಳ ತೆಗೆದು ಚಾಚಿದೆ. "ಕೈ ತೊಳಕೋ ಅವ್ವಾ. ಸೀರಿಗೆ ಹತ್ತತೈತಿ."

"ಹತ್ತಲಿ," ಅಂದಳು.